ಮಿಲಿಟರಿಯಿಂದ ಬಂದ ಅಪ್ಪನಿಗೆ ಪಿಟಿಎಸ್‌ಡಿ: ‘ಹಳೆಯದನ್ನು ನೆನಪಿಸಬೇಡಿ, ತಾನೇ ಸರಿಹೋಗುತ್ತದೆ’ ಎನ್ನುವುದು ನಿಜವೇ?

ಗದ್ದಲದಿಂದ ದೂರ ಇಡಿ, ಹಳೆಯದನ್ನು ಎತ್ತಬೇಡಿ, ಕಾಲ ಕಳೆದಂತೆ ಎಲ್ಲ ಸರಿಹೋಗುತ್ತದೆ. ಮಾಜಿ ಸೈನಿಕರ ಮನೆಯವರಿಗೆ ನೆಂಟರಿಂದಲೋ ವಾಟ್ಸಾಪ್‌ನಿಂದಲೋ ಸಿಗುವ ಸಲಹೆ ಹೆಚ್ಚಾಗಿ ಇಂಥದ್ದೇ. ಕೇಳಲು ಕರುಣೆಯ ಮಾತು. ಆದರೆ ಇದರಲ್ಲಿ ಸ್ವಲ್ಪ ಮಾತ್ರ ಸರಿ, ಉಳಿದದ್ದು ತೊಂದರೆಯನ್ನು ಬೆಳೆಸುತ್ತದೆ.

ಪಿಟಿಎಸ್‌ಡಿ ಎಂದರೇನು?

ಜೀವಕ್ಕೆ ಅಪಾಯ ಬಂದ ಘಟನೆ ಮುಗಿದರೂ ಮಿದುಳು ಅದು ಮುಗಿದಿಲ್ಲ ಎಂದೇ ನಡೆದುಕೊಳ್ಳುವ ಸ್ಥಿತಿ ಇದು. ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಸಿಡುಕು, ಮನೆಯವರಿಂದಲೇ ದೂರವಾಗುವುದು ಒಂದು ತಿಂಗಳಿಗಿಂತ ಹೆಚ್ಚು ಉಳಿದರೆ ವೈದ್ಯರು ಪಿಟಿಎಸ್‌ಡಿ ಇರಬಹುದೇ ಎಂದು ನೋಡುತ್ತಾರೆ. ಮೊದಲ ಮಹಾಯುದ್ಧದಲ್ಲಿ ಇದನ್ನು ‘ಶೆಲ್ ಶಾಕ್’ ಎನ್ನುತ್ತಿದ್ದರು. ಈಗಿನ ಹೆಸರು ವೈದ್ಯಕೀಯ ಕೈಪಿಡಿಗೆ ಸೇರಿದ್ದು 1980ರಲ್ಲಿ. ಇದು ಹೇಡಿತನವಲ್ಲ, ಹುಚ್ಚೂ ಅಲ್ಲ.

ತಾನೇ ಸರಿಹೋಗುತ್ತದೆಯೇ?

ಕೆಲವರಿಗೆ ಹೌದು. ಪಿಟಿಎಸ್‌ಡಿ ಇರುವವರಲ್ಲಿ ಶೇ. 40ರವರೆಗೆ ಒಂದು ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ 1987–90ರ ಶ್ರೀಲಂಕಾ ಕಾರ್ಯಾಚರಣೆ ಅಥವಾ 1999ರ ಕಾರ್ಗಿಲ್ ಕಂಡವರು ಇನ್ನೂ ರಾತ್ರಿ ಚೀರಿ ಏಳುತ್ತಿದ್ದರೆ, ಕಾಲ ತನ್ನ ಕೆಲಸ ಮಾಡಿಲ್ಲ ಎಂದೇ ಅರ್ಥ.

‘ದೂರ ಇಡಿ’ ಎನ್ನುವುದರಲ್ಲಿ ಏನು ತಪ್ಪು?

ಜೇವರ್ಗಿಯಲ್ಲೊಂದು ಮದುವೆ ಎಂದುಕೊಳ್ಳಿ. ಪಟಾಕಿ ಸಿಡಿದ ತಕ್ಷಣ ಅಪ್ಪ ಊಟ ಬಿಟ್ಟು ಎದ್ದು ಹೊರಗೆ ಹೋಗುತ್ತಾರೆ. ಎದೆಬಡಿತ ಇಳಿಯುತ್ತದೆ. ‘ಹೊರಗೆ ಬಂದದ್ದಕ್ಕೇ ಬದುಕಿದೆ’ ಎಂದು ಮಿದುಳು ಕಲಿಯುತ್ತದೆ. ಮುಂದಿನ ಮದುವೆಗೆ ಹೋಗುವುದಿಲ್ಲ. ಆಮೇಲೆ ಸಂತೆ ಬೇಡ, ಬಸ್ ಬೇಡ, ಕೊನೆಗೆ ಹೊಲವೂ ಬೇಡ. ಇತ್ತ ಮನೆಯಲ್ಲಿ ಟಿವಿ ಬಂದ್, ಮಕ್ಕಳದು ಪಿಸುಮಾತು, ಅವ್ವನಿಗೆ ನಿದ್ದೆಯಿಲ್ಲ. ಇಡೀ ಮನೆ ಕಾಯಿಲೆಯ ಅಳತೆಗೆ ಕುಗ್ಗುತ್ತದೆ.

ಚಿಕಿತ್ಸೆ ಇದರ ಉಲ್ಟಾ ದಿಕ್ಕಿನಲ್ಲಿ ಸಾಗುತ್ತದೆ. ತರಬೇತಿ ಪಡೆದವರ ಜೊತೆ, ಹಂತಹಂತವಾಗಿ, ಆ ನೆನಪನ್ನು ಎದುರಿಸುವುದು. ಈ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 15 ಭೇಟಿ ಹಿಡಿಯುತ್ತದೆ. ಜೊತೆಗೆ ಸರ್ಟ್ರಾಲಿನ್‌ನಂಥ ಮಾತ್ರೆಯನ್ನು ವೈದ್ಯರು ಕೊಡಬಹುದು. ಮೆಡಿಕಲ್‌ನಿಂದ ಸುಮ್ಮನೆ ತಂದ ನಿದ್ದೆ ಮಾತ್ರೆ ಈ ಕಾಯಿಲೆಗೆ ಔಷಧವಲ್ಲ. ಕ್ಯಾಂಟೀನ್ ರಮ್ಮಂತೂ ಅಲ್ಲವೇ ಅಲ್ಲ, ಅದು ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತದೆ.

ಎದುರಿಸಬೇಕು ಎಂದ ಮಾತ್ರಕ್ಕೆ ಮನೆಯವರೇ ಒತ್ತಾಯ ಮಾಡಬಾರದು. ‘ಅಲ್ಲಿ ಏನಾಯಿತು ಹೇಳಿ’ ಎಂದು ಕೆದಕಬೇಡಿ. ಕಂಡದ್ದನ್ನಷ್ಟೇ ಹೇಳಿ: “ಅಪ್ಪಾ, ಎರಡು ವಾರ ಆಯ್ತು, ನಿಮಗ ನಿದ್ದಿ ಇಲ್ಲ. ದವಾಖಾನಿಗೆ ಹೋಗಿ ಬರೋಣ್ರಿ, ನಾನೂ ಬರ್ತೀನಿ.” ಕನಸಿನಲ್ಲಿ ಚೀರಿದಾಗ ಮೈ ಹಿಡಿದು ಅಲುಗಿಸಬೇಡಿ, ಸ್ವಲ್ಪ ದೂರ ನಿಂತು ಕರೆಯಿರಿ, ದೀಪ ಹಾಕಿ. ಅವ್ವ ಬೇರೆ ಕೋಣೆಯಲ್ಲಿ ಮಲಗಿದರೆ ಅದು ಅವಮಾನವಲ್ಲ. ಮಕ್ಕಳು ‘ನನ್ನಿಂದಲೇ ಅಪ್ಪನಿಗೆ ಸಿಟ್ಟು’ ಎಂದುಕೊಳ್ಳುತ್ತಾರೆ. ಹಾಗಲ್ಲ, ಅಪ್ಪನಿಗೆ ಹುಷಾರಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು.

ಗಾಣಗಾಪುರಕ್ಕೆ ಕರೆದೊಯ್ದರೆ?

ಅಫಜಲಪುರ ತಾಲೂಕಿನ ಈ ದತ್ತ ಕ್ಷೇತ್ರಕ್ಕೆ ಮನಸ್ಸಿನ ತೊಂದರೆ ಇರುವವರನ್ನು ಕರೆತರುವ ರೂಢಿ ಹಳೆಯದು. ದರ್ಶನಕ್ಕೆ ನಮ್ಮ ತಕರಾರಿಲ್ಲ. ಮಾತ್ರೆ ನಿಲ್ಲಿಸಿ ಹೋಗುವುದಕ್ಕೆ ಇದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಯಾರನ್ನಾದರೂ, ಎಲ್ಲಾದರೂ, ಕಟ್ಟಿಹಾಕಿ ಹೊಡೆಯುವುದು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ.

ಹಾಗಾದರೆ ಎಲ್ಲಿಗೆ?

ದೂರ ಹೋಗಬೇಕಿಲ್ಲ. ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ಮಾನಸಿಕ ತಜ್ಞರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ಆಳಂದ, ಅಫಜಲಪುರ, ಜೇವರ್ಗಿಯವರು ತಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಎಂದು ಮೊದಲು ಕೇಳಿಕೊಳ್ಳಿ. ಕಲಬುರಗಿಯ ಜಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ. ಇಸಿಎಚ್‌ಎಸ್ ಕಾರ್ಡ್ ಇದ್ದರೆ ಅದರ ಪಾಲಿಕ್ಲಿನಿಕ್ ಮೂಲಕವೂ ಹೋಗಬಹುದು. ಟೆಲಿ ಮಾನಸ್ 14416 ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಅಪ್ಪ ಒಪ್ಪದಿದ್ದರೆ ಮಗಳೋ ಸೊಸೆಯೋ ತಾವೇ ಕರೆ ಮಾಡಿ ಸಲಹೆ ಕೇಳಬಹುದು.

‘ಮಾನಸಿಕ ಡಾಕ್ಟರಿಗೆ ತೋರಿಸಿದರೆ ಪಿಂಚಣಿ ನಿಲ್ಲುತ್ತದೆ’ ಎಂಬ ಮಾತೂ ಸುತ್ತುತ್ತದೆ. ಸುಳ್ಳು. ಸೇವೆ ಮಾಡಿ ಗಳಿಸಿದ ಪಿಂಚಣಿ ಚಿಕಿತ್ಸೆ ಪಡೆದ ಕಾರಣಕ್ಕೆ ನಿಲ್ಲುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಮಂಗಳವಾರದವರೆಗೆ ಕಾಯಬೇಡಿ. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ತೊಗರಿಗೆ ತಂದ ಕೀಟನಾಶಕವನ್ನು ಮನೆಯಿಂದ ಹೊರಗೆ ಬೀಗದಲ್ಲಿಡಿ. ಲೈಸೆನ್ಸ್ ಬಂದೂಕಿದ್ದರೆ ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಲು ಅವಕಾಶವಿದೆ. ಅವರನ್ನು ಒಬ್ಬರೇ ಬಿಡಬೇಡಿ. 14416ಕ್ಕೆ ಕರೆ ಮಾಡಿ, ಕೈಮೀರುವಂತಿದ್ದರೆ 112.