ದೊರೆತನ ಇತ್ತು, ದೊರೆ ಎಂಬ ಹೆಸರಿರಲಿಲ್ಲ

ಮಲೆನಾಡಿನ ಹಳ್ಳಿ ಸೀತೂರು ಇರುವ ತಾಲ್ಲೂಕಿಗೆ ಪಟ್ಟವೇರದ ಅರಸುಕುವರನೊಬ್ಬನ ಹೆಸರು. ಎಡೇಹಳ್ಳಿ ನರಸಿಂಹರಾಜಪುರವಾದದ್ದು ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರಿಂದ. ಅವರು 1940ರಲ್ಲಿ ಯುವರಾಜರಾಗಿಯೇ ತೀರಿಕೊಂಡರು. ಅದೇ ವರ್ಷ ಸಿಂಹಾಸನ ಮಗ ಜಯಚಾಮರಾಜರ ಪಾಲಿಗೆ ಬಂತು. ಮಲೆನಾಡಿನ ಈ ಮೂಲೆಯಲ್ಲಿ ಅಧಿಕಾರಕ್ಕೂ ಬಿರುದಿಗೂ ತಾಳೆಯಾಗದ್ದು ಇದೇ ಮೊದಲಲ್ಲ.

1346ರಲ್ಲಿ ವಿಜಯನಗರದ ಹರಿಹರ ಸೋದರರೊಡನೆ ಶೃಂಗೇರಿಗೆ ಬಂದು, ಅಲ್ಲಿನ ಮಠದ ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿ ಬಿಟ್ಟುಕೊಟ್ಟ. ಪೂರ್ವದಿಂದ ಪಶ್ಚಿಮ ಸಮುದ್ರದವರೆಗಿನ ಒಡೆತನ ಹೇಳಿಕೊಂಡರೂ ಅವನ ಪದವಿ ಮಾತ್ರ ಮಹಾಮಂಡಲೇಶ್ವರ. ಚಾಲುಕ್ಯ, ಹೊಯ್ಸಳರ ಕಾಲದಲ್ಲಿ ಸಾಮಂತರಿಗೆ ಸಲ್ಲುತ್ತಿದ್ದ ಪದವಿ ಅದು. ಮಹಾರಾಜಾಧಿರಾಜ, ರಾಜಪರಮೇಶ್ವರ ಎಂಬ ಘನ ಬಿರುದುಗಳು ನೆಲೆಗೊಂಡದ್ದು 1377ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿ ಹರಿಹರನ ಹೊತ್ತಿಗೆ. ರಾಜ್ಯ ಮೊದಲು, ಬಿರುದು ಆಮೇಲೆ!

ಕೆಳದಿಯವರದು ಇನ್ನೂ ಸೊಗಸಾದ ಕತೆ. 1499ರಲ್ಲಿ ಚೌಡಪ್ಪನಿಂದ ಶುರುವಾದ ಮನೆತನ ವಿಜಯನಗರದ ಕೈಕೆಳಗೆ ಬೆಳೆಯಿತು. ಕೋಟೆಗಳನ್ನು ಗೆದ್ದುಕೊಟ್ಟ ಸದಾಶಿವ ನಾಯಕನಿಗೆ 'ಕೋಟೆಕೋಲಾಹಲ' ಎಂಬ ಬಿರುದು ಸಿಕ್ಕಿತು. 1565ರ ತಾಳಿಕೋಟೆ ಯುದ್ಧದ ಬಳಿಕ ಸಾಮ್ರಾಜ್ಯ ಕುಸಿಯಿತು. ಕೆಳದಿಯವರು ಸ್ವತಂತ್ರರಾದರು, ಆದರೂ ಹೆಸರಿನ ಕೊನೆಯ 'ನಾಯಕ' ಕಳಚಲಿಲ್ಲ. 'ಎಡವ ಮುರಾರಿ' ಎಂಬ ಇನ್ನೊಂದು ಬಿರುದಂತೂ ಅಪರೂಪದ್ದು. ನಿಧಿಗಾಗಿ ತಲೆ ಒಪ್ಪಿಸಿದ ಯಾದವ, ಮುರಾರಿ ಎಂಬ ಇಬ್ಬರು ಆಳುಗಳ ನೆನಪು ಅದು ಎಂಬುದು ಪ್ರತೀತಿ. ಆಳಿನ ಹೆಸರನ್ನು ದೊರೆಯೇ ಹೊತ್ತು ಮೆರೆದದ್ದು ಬೇರೆಲ್ಲಿ ಸಿಕ್ಕೀತು? ವೆಂಕಟಪ್ಪ ನಾಯಕ (1586–1629) ಶೃಂಗೇರಿ ಮಠಕ್ಕೆ ಆಸರೆಯಾದ. ವೀರಶೈವ ಮನೆತನದವನಾದ ಅವನಿಗೆ 'ವಿಶುದ್ಧ ವೈದಿಕಾದ್ವೈತ ಸಿದ್ಧಾಂತ ಪ್ರತಿಷ್ಠಾಪಕ' ಎಂಬ ಬಿರುದೂ ಸೇರಿಕೊಂಡಿತು.

ಹೀಗೆ ದೊಡ್ಡ ದೊರೆಯ ಕೈಕೆಳಗೆ ಆಳುವವರ ಪದವಿಗಳಿಗೆ ದೂರದ ಬರ್ಮಾದ ಶಾನ್ ನಾಡಿನಲ್ಲೂ ಒಂದು ಏಣಿಯಿತ್ತು. ಮೇಲಿನ ಮೆಟ್ಟಿಲಲ್ಲಿ ಸಾವ್‌ಫಾ, ಅವನ ಕೆಳಗೆ ಮ್ಯೊಜಾ, ಕೊನೆಗೆ ಬೆಳ್ಳಿ ಕಂದಾಯದ ಹೊಣೆಯ ಙ್ವೆಗುನ್‌ಮು. ಬರ್ಮಾ ದೊರೆಗೆ ಕಪ್ಪ ಕೊಡುತ್ತಿದ್ದವರು ಮುಂದೆ ಬ್ರಿಟಿಷರ ಸನದು ಪಡೆದು ಆಳಿದರು. ಯಾಂಗ್ವೆಯ ಸಾವ್‌ಫಾ ಸಾವ್ ಶ್ವೆ ಥಾಯ್ಕ್ 1948ರಲ್ಲಿ ಸ್ವತಂತ್ರ ಬರ್ಮಾದ ಮೊದಲ ಅಧ್ಯಕ್ಷರಾದರು. 1959ರಲ್ಲಿ ತೌಂಜೀಯಲ್ಲಿ ಸಾವ್‌ಫಾಗಳೆಲ್ಲ ವಂಶಪಾರಂಪರ್ಯದ ಹಕ್ಕು ಬಿಟ್ಟುಕೊಟ್ಟರು.

ಇತ್ತ ಕೆಳದಿಯವರ ರಾಜಧಾನಿ ಬಿದನೂರು 1763ರಲ್ಲಿ ಹೈದರಾಲಿಯ ವಶವಾಗಿ ನಾಯಕರ ಆಳ್ವಿಕೆ ಮುಗಿಯಿತು. ಶೃಂಗೇರಿಯ ಗುರುಗಳ ಬಿರುದಾವಳಿ ಮಾತ್ರ ಮುಕ್ಕಾಗಲಿಲ್ಲ. 'ಕರ್ನಾಟಕ ಸಿಂಹಾಸನ ಪ್ರತಿಷ್ಠಾಪನಾಚಾರ್ಯ' ಎಂಬುದು ಅದರಲ್ಲೊಂದು. ನವರಾತ್ರಿಯ ದರ್ಬಾರಿನಲ್ಲಿ ಸಂನ್ಯಾಸಿಯೇ ಕಿರೀಟ ಧರಿಸುವುದುಂಟು. 1791ರಲ್ಲಿ ಮರಾಠಾ ಸೇನೆಯ ಜೊತೆಗಿದ್ದವರು ಮಠವನ್ನು ದೋಚಿದಾಗ ಟಿಪ್ಪು ಸುಲ್ತಾನ್ ಸ್ವಾಮಿಗಳಿಗೆ ಕನ್ನಡದಲ್ಲೇ ಪತ್ರ ಬರೆಸಿ, ಶಾರದೆಯ ಪುನಃಪ್ರತಿಷ್ಠೆಗೆ ನೆರವು ಕಳಿಸಿದ. 1916ರಲ್ಲಿ ಮೈಸೂರಿನ ಪುರಾತತ್ವಜ್ಞ ಆರ್. ನರಸಿಂಹಾಚಾರ್ ಬೆಳಕಿಗೆ ತಂದ ಆ ಪತ್ರಗಳಲ್ಲಿ ಸುಲ್ತಾನ ಸ್ವಾಮಿಗಳನ್ನು ಸಂಬೋಧಿಸಿದ್ದು ಜಗದ್ಗುರು ಎಂದೇ.