ಕಾಲುವೆ ಗೇಟಿನವರೆಗೆ ಬಂದ ಗಡಿ

ಸೇನೆಯ ಸಿಗ್ನಲ್ ಕೋರಿನಲ್ಲಿ ದುಡಿದು ಊರು ಸೇರಿದವನು ನಾನು. ಶಹಾಪುರ ತಾಲ್ಲೂಕಿನಲ್ಲಿ ಹೊಲ ಇದೆ, ನಾರಾಯಣಪುರ ಎಡದಂಡೆ ಕಾಲುವೆಯ ನೀರಿನ ಮೇಲೆ ಮನೆ ನಡೆಯುತ್ತದೆ. ಯಾದಗಿರಿ, ಸುರಪುರದ ಕಡೆಯಿಂದ ಅಗ್ನಿವೀರ ಭರ್ತಿಗೆ ತಯಾರಿ ನಡೆಸುವ ಹುಡುಗರು ಆಗಾಗ ಬಂದು ಮಾತಿಗೆ ಕೂಡುತ್ತಾರೆ. ಮೊದಲೆಲ್ಲ ಅವರ ಪ್ರಶ್ನೆ ಸಿಯಾಚಿನ್‌ನ ಚಳಿಯದ್ದು, ಇಲ್ಲವೇ ಬಂದೂಕಿನದ್ದು. 2025ರ ಆಪರೇಷನ್ ಸಿಂಧೂರದ ನಂತರ ಅವರು ಕೇಳುವುದೇ ಬೇರೆ: "ಕಾಕಾ, ನಮ್ಮ ಆರ್ಮಿಯೊಳಗ ಹ್ಯಾಕರ್ ಮಂದಿ ಅದಾರೇನ್ರಿ?"

ಇದ್ದಾರೆ. ಅವರ ಸಂಸ್ಥೆಯ ಹೆಸರು ಡಿಫೆನ್ಸ್ ಸೈಬರ್ ಏಜೆನ್ಸಿ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಕಡೆಯವರು ಒಂದೇ ಸೂರಿನಡಿ ಕೆಲಸ ಮಾಡುವ ಜಾಗ ಅದು. ಇಂಥದ್ದೊಂದು ಬೇಕು ಎಂದು ರಾಷ್ಟ್ರೀಯ ಭದ್ರತೆ ಕುರಿತ ನರೇಶ್ ಚಂದ್ರ ಕಾರ್ಯಪಡೆ 2012ರಲ್ಲೇ ವರದಿ ಕೊಟ್ಟಿತ್ತು. ಅವರು ಕೇಳಿದ್ದು ಸೈಬರ್‌ಗೆ, ಬಾಹ್ಯಾಕಾಶಕ್ಕೆ, ವಿಶೇಷ ಕಾರ್ಯಾಚರಣೆಗೆ ಒಂದೊಂದು ಪೂರ್ಣ ಕಮಾಂಡ್. 2018ರ ಸೆಪ್ಟೆಂಬರಿನಲ್ಲಿ, ಜೋಧಪುರದಲ್ಲಿ ಮೂರೂ ಪಡೆಗಳ ಕಮಾಂಡರುಗಳ ಸಮ್ಮೇಳನ ನಡೆದ ಹೊತ್ತಿಗೆ ಒಪ್ಪಿಗೆ ಸಿಕ್ಕಿದ್ದು ಅದಕ್ಕಿಂತ ಚಿಕ್ಕ ಏಜೆನ್ಸಿಗಳಿಗೆ. 2019ರಲ್ಲಿ ನೌಕಾಪಡೆಯ ರಿಯರ್ ಅಡ್ಮಿರಲ್ ಮೋಹಿತ್ ಗುಪ್ತಾ ಸೈಬರ್ ಏಜೆನ್ಸಿಯ ಮೊದಲ ಮುಖ್ಯಸ್ಥರಾದರು. 2023ರ ಏಪ್ರಿಲ್‌ನಲ್ಲಿ ಭೂಸೇನೆ ತನ್ನ ಕಮಾಂಡುಗಳಿಗೆ ಪ್ರತ್ಯೇಕ ಸೈಬರ್ ಕಾರ್ಯಾಚರಣೆ ವಿಭಾಗಗಳನ್ನು ಕಟ್ಟುವುದಾಗಿ ಹೇಳಿತು. 2024ರ ಜೂನ್‌ನಲ್ಲಿ ಆಗ ಮೂರೂ ಪಡೆಗಳ ಮುಖ್ಯಸ್ಥರಾಗಿದ್ದ (ಸಿಡಿಎಸ್) ಜನರಲ್ ಅನಿಲ್ ಚೌಹಾಣ್ ಅವರು ಸೈಬರ್ ಕಾರ್ಯಾಚರಣೆಯ ಜಂಟಿ ಸಿದ್ಧಾಂತವನ್ನು ಬಿಡುಗಡೆ ಮಾಡಿದರು. ಮರುವರ್ಷ ಆಗಸ್ಟ್‌ನಲ್ಲಿ ಅದರ ಗೋಪ್ಯತೆ ತೆಗೆದು ಜನರ ಮುಂದೆ ಇಟ್ಟರು. ಸೇನೆ ತನ್ನ ಸೈಬರ್ ಆಲೋಚನೆಯನ್ನು ಹೀಗೆ ಬಹಿರಂಗವಾಗಿ ಹೇಳಿದ್ದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ. ತೆರಿಗೆ ಕಟ್ಟುವವನಿಗೆ ತನ್ನ ಕಾವಲಿನ ರೀತಿ ಇಷ್ಟಾದರೂ ಗೊತ್ತಿರಬೇಕು.

ಈ ಕೆಲಸದ ಬೇರು ಕಂಪ್ಯೂಟರಿಗಿಂತ ಹಳೆಯದು. 1857ರ ಮೇ 11ರಂದು ದೆಹಲಿಯಲ್ಲಿ ದಂಗೆ ಎದ್ದಾಗ ಬ್ರೆಂಡಿಷ್, ಪಿಲ್ಕಿಂಗ್‌ಟನ್ ಎಂಬ ಇಬ್ಬರು ಹುಡುಗರು ತಂತಿ ಕಚೇರಿಯಿಂದ ಅಂಬಾಲಾಕ್ಕೆ ಸುದ್ದಿ ಮುಟ್ಟಿಸಿದರು. ಪಂಜಾಬಿನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ದೇಶಿ ಪಲ್ಟನ್ನುಗಳ ಕೈಯಿಂದ ಆಯುಧ ಕಿತ್ತುಕೊಂಡದ್ದು ಆ ಸುದ್ದಿಯ ಬಲದಿಂದ. ಬಂಡೆದ್ದವರ ಸುದ್ದಿ ಕುದುರೆಯ ವೇಗದಲ್ಲಿ ಹೋಗುತ್ತಿತ್ತು, ಈಸ್ಟ್ ಇಂಡಿಯಾ ಕಂಪನಿಯ ಸುದ್ದಿ ತಂತಿಯಲ್ಲಿ ಹೋಯಿತು.

ನಮ್ಮ ಸುರಪುರದ ಕಥೆಯನ್ನೂ ನಾನು ಈ ಕಣ್ಣಿನಿಂದ ಓದುತ್ತೇನೆ. ರಾಜಾ ವೆಂಕಟಪ್ಪ ನಾಯಕರ ಶೌರ್ಯ ಎಲ್ಲರ ಬಾಯಲ್ಲೂ ಇದೆ. ಆದರೆ 1858ರ ಫೆಬ್ರವರಿ 8ರ ಕಾಳಗಕ್ಕೆ ಎಷ್ಟೋ ಮೊದಲೇ ಸುದ್ದಿಯ ಯುದ್ಧ ಶುರುವಾಗಿತ್ತು. ದಂಗೆಯ ನಾಯಕರಲ್ಲೊಬ್ಬನಾದ ನಾನಾಸಾಹೇಬನ ಕಡೆಯವರೊಂದಿಗೆ ರಾಜನಿಗೆ ಸಂಪರ್ಕವಿದೆ ಎಂಬ ಅನುಮಾನ ಕಂಪನಿಯವರಿಗೆ ಬಂತು. ಸಂಸ್ಥಾನಕ್ಕೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಬೇಡರ ಪಡೆ ಎಲ್ಲಿ ಸೇರುತ್ತಿದೆ ಎಂದು ತಿಳಿಯಲು ಕ್ಯಾಪ್ಟನ್ ಕ್ಯಾಂಪ್‌ಬೆಲ್ ಎಂಬವನನ್ನು ಸುರಪುರಕ್ಕೇ ಕಳಿಸಿದರು. ಕಾಳಗದಲ್ಲಿ ಬ್ರಿಟಿಷ್ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೂ ಕೋಟೆ ಉಳಿಯಲಿಲ್ಲ. ಹೈದರಾಬಾದಿಗೆ ಹೋದ ರಾಜ ಅಲ್ಲಿ ಸೆರೆಯಾದ, ಅದೇ ವರ್ಷ ಬಂಧನದಲ್ಲಿರುವಾಗಲೇ ಗುಂಡು ತಗುಲಿ ತೀರಿಕೊಂಡ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಂಗಲೆ ನೋಡಲು ಬರುವವರಿಗೆ ನಾನು ಹೇಳುವುದು ಇದನ್ನೇ. ಈ ನಾಡು ಹೋದದ್ದು ತೋಪಿನಿಂದ ಎಷ್ಟೋ, ಎದುರಾಳಿಗೆ ಇದ್ದ ತಿಳಿವಳಿಕೆಯಿಂದಲೂ ಅಷ್ಟೇ.

ಸುದ್ದಿ ಮುಟ್ಟಿಸುವುದೇ ಕಸುಬಾದ ನಮ್ಮ ಸಿಗ್ನಲ್ ಕೋರ್ ಹುಟ್ಟಿದ್ದು 1911ರ ಫೆಬ್ರವರಿ 15ರಂದು, ಲೆಫ್ಟಿನೆಂಟ್ ಕರ್ನಲ್ ಪೊವೆಲ್ ಅವರ ಕೈಯಲ್ಲಿ. 'ತೀವ್ರ ಚೌಕಸ್' ನಮ್ಮ ಧ್ಯೇಯವಾಕ್ಯ: ವೇಗವಾಗಿಯೂ ಮುಟ್ಟಬೇಕು, ಜೋಪಾನವಾಗಿಯೂ ಮುಟ್ಟಬೇಕು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಡಿಯೊ ಸಂದೇಶಗಳನ್ನು ಕದ್ದು ಕೇಳಿ ಬಿಡಿಸಲು ದೆಹಲಿಯಲ್ಲಿ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಇತ್ತು. ಅದರ ಒಂದು ಕವಲು ಬೆಂಗಳೂರಿನಲ್ಲೂ ಕೆಲಸ ಮಾಡಿತು.

ನಾನು ಜಬಲ್ಪುರದಲ್ಲಿ ಮೋರ್ಸ್ ಕಲಿಯುವಾಗ ಉಸ್ತಾದರು ಹೇಳಿಕೊಟ್ಟ ಒಂದು ಮಾತು ಈ ಹೊಸ ಯುದ್ಧವನ್ನು ಅರ್ಥ ಮಾಡಿಕೊಳ್ಳಲು ಇವತ್ತಿಗೂ ನನಗೆ ಸಾಕಾಗುತ್ತದೆ. ಕೀ ಹೊಡೆಯುವ ಪ್ರತಿಯೊಬ್ಬನ ಕೈಗೂ ಒಂದು ನಡೆ ಇರುತ್ತದೆ. ಒಬ್ಬ ಚುಕ್ಕಿಯನ್ನು ಮೊಟಕು ಮಾಡುತ್ತಾನೆ, ಇನ್ನೊಬ್ಬ ಗೀಟನ್ನು ಎಳೆಯುತ್ತಾನೆ. ಕೇಳುವ ಶತ್ರುವಿಗೆ ಸಂಕೇತ ಒಡೆಯಲು ಬಾರದಿದ್ದರೂ ಆ ಕೈಯ ಗುರುತು ಸಿಕ್ಕರೆ ಯಾವ ಪಲ್ಟನ್ ಎಲ್ಲಿಗೆ ಸರಿಯಿತು ಎಂದು ತಿಳಿಯುತ್ತದೆ. ಇವತ್ತು ಸೈಬರ್ ದಾಳಿ ಮಾಡಿದವನನ್ನು ಹುಡುಕುವುದೂ ಹೀಗೆಯೇ. ಕಳ್ಳ ತಂತ್ರಾಂಶ ಬರೆದವನು ಯಾವ ದೇಶದ ಹಗಲಿನ ಹೊತ್ತಿನಲ್ಲಿ ಕೆಲಸ ಮಾಡಿದ್ದಾನೆ, ಯಾವ ಭಾಷೆಯ ಕೀಲಿಮಣೆ ಬಳಸಿದ್ದಾನೆ, ಹಳೆಯ ದಾಳಿಯ ಯಾವ ಸಾಲುಗಳನ್ನು ಮತ್ತೆ ಹಾಕಿದ್ದಾನೆ ಎಂದು ತಿಂಗಳುಗಟ್ಟಲೆ ನೋಡುತ್ತಾರೆ. ತಾಳ್ಮೆಯ ಕೆಲಸ ಅದು. ಸಿನಿಮಾದಲ್ಲಿ ಕ್ಷಣದಲ್ಲಿ ಪರದೆ ಹಸಿರಾಗಿ ಬಾಗಿಲು ತೆರೆಯುವುದನ್ನು ನೋಡಿದ ಹುಡುಗರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ.

ಸೈಬರ್ ಪಡೆಯ ದಿನದ ಬಹುಪಾಲು ಹೋಗುವುದು ಕಾವಲಿಗೆ. ನಮ್ಮ ಸೇನೆಯ ಮುಖ್ಯ ಜಾಲಗಳನ್ನು ಇಂಟರ್ನೆಟ್‌ಗೆ ಜೋಡಿಸಿಲ್ಲ. ಸಿಂಧೂರದ ಬಳಿಕ ಸಿಂಗಪುರದಲ್ಲಿ ಮಾತಾಡಿದ ಜನರಲ್ ಚೌಹಾಣ್ ಅವರೂ ಇದನ್ನೇ ಹೇಳಿದರು. ಆದರೆ ತಂತಿ ಇಲ್ಲದ ಕಡೆ ಮನುಷ್ಯನ ಜೇಬು ಇರುತ್ತದೆ. 2008ರಲ್ಲಿ ಪಶ್ಚಿಮ ಏಷ್ಯಾದ ಅಮೆರಿಕನ್ ಸೇನಾ ನೆಲೆಯೊಂದರಲ್ಲಿ ಯಾರೋ ಒಂದು ಪೆನ್ ಡ್ರೈವ್ ಚುಚ್ಚಿದ್ದರಿಂದ ಕಳ್ಳ ತಂತ್ರಾಂಶ ಒಳಹೊಕ್ಕು ಗೋಪ್ಯ ಜಾಲದವರೆಗೂ ಹರಡಿತು. ಅದನ್ನು ತೊಳೆಯಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಮೆರಿಕ 2009ರಲ್ಲಿ ತನ್ನ ಸೈಬರ್ ಕಮಾಂಡ್ ಕಟ್ಟಲು ತೀರ್ಮಾನಿಸಿದ್ದರ ಹಿಂದೆ ಆ ಪೆಟ್ಟಿನ ಪಾಲು ದೊಡ್ಡದು. 2018ರಲ್ಲಿ ಆ ಕಮಾಂಡನ್ನು ಉಳಿದ ದೊಡ್ಡ ಯುದ್ಧ ಕಮಾಂಡುಗಳ ಸಮಕ್ಕೆ ಏರಿಸಿದರು. ನಮ್ಮಲ್ಲೂ 2019ರಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತ ವಿಭಾಗದ ಒಂದು ಕಂಪ್ಯೂಟರಿನಲ್ಲಿ ಕಳ್ಳ ತಂತ್ರಾಂಶ ಸಿಕ್ಕಿತು. ಅಣುವಿದ್ಯುತ್ ನಿಗಮವೇ ಅದನ್ನು ಒಪ್ಪಿಕೊಂಡಿತು. ಸ್ಥಾವರ ನಡೆಸುವ ವ್ಯವಸ್ಥೆ ಬೇರೆಯೇ ಇದ್ದದ್ದರಿಂದ ಅಲ್ಲಿಗೆ ಅದು ಮುಟ್ಟಲಿಲ್ಲ.

ದಾಳಿಯ ಮಾತಿಗೆ ಬಂದರೆ ಇರಾನಿನ ನತಾಂಜ್ ಎಲ್ಲರಿಗೂ ಪಾಠ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ತಂತ್ರಾಂಶ ಅಲ್ಲಿನ ಯುರೇನಿಯಂ ಕೇಂದ್ರದ ತಿರುಗುಯಂತ್ರಗಳ ವೇಗವನ್ನು ಏರಿಸಿ ಇಳಿಸಿ ಹಾಳುಗೆಡವಿತು. ಅದಕ್ಕಿಂತ ಭಯ ಹುಟ್ಟಿಸುವುದು ಮುಂದಿನದ್ದು: ಯಂತ್ರ ಒಳಗೆ ಒಡೆಯುತ್ತಿದ್ದರೂ ಕಾಯುವವರ ಪರದೆಯ ಮೇಲೆ ಎಲ್ಲ ಸರಿಯಿದೆ ಎಂಬ ಹಳೆಯ ಅಂಕಿಗಳೇ ಓಡುತ್ತಿದ್ದವು. ಯಾವ ದೇಶವೂ ಅಧಿಕೃತವಾಗಿ ಅದು ತನ್ನ ಕೆಲಸ ಎಂದು ಒಪ್ಪಿಲ್ಲ.

ಇಲ್ಲಿಂದ ನಾನು ನಮ್ಮ ಕಾಲುವೆಗೆ ಬರಬೇಕು. ಇಷ್ಟು ಹೊತ್ತು ಹೇಳಿದ್ದೆಲ್ಲ ಅದಕ್ಕಾಗಿಯೇ.

2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಕೊಡೇಕಲ್‌ಗೆ ಬಂದು ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ, ಆಧುನೀಕರಣ ಯೋಜನೆಯನ್ನು ಉದ್ಘಾಟಿಸಿದರು. ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಕಾಲುವೆಯ ಸಾಮರ್ಥ್ಯ 10,000 ಕ್ಯುಸೆಕ್, ನೀರುಣ್ಣುವ ನೆಲ 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಅನುಕೂಲ ಎಂಬುದು ಸರ್ಕಾರದ ಲೆಕ್ಕ. ಈ ಕಾಲುವೆ ಜಾಲದ ಗೇಟುಗಳಿಗೆ ಸ್ಕಾಡಾ ಎಂಬ ದೂರನಿಯಂತ್ರಣ ವ್ಯವಸ್ಥೆ ಬಂದಿದೆ. ಎಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂದು ಸೆನ್ಸರ್ ಅಳೆಯುತ್ತದೆ, ಅಂಕಿ ಕಂಟ್ರೋಲ್ ರೂಮಿಗೆ ಹೋಗುತ್ತದೆ, ಅಲ್ಲಿಂದ ಬಂದ ಆಜ್ಞೆಗೆ ಮೋಟಾರು ಗೇಟನ್ನು ಏರಿಸುತ್ತದೆ, ಇಳಿಸುತ್ತದೆ.

ನಾನು ಇದರ ವಿರೋಧಿ ಅಲ್ಲ. ಕಾಲುವೆಯ ಕೊನೆ ಭಾಗದ ರೈತ ಏನೇನು ಅನುಭವಿಸಿದ್ದಾನೆ ಎಂದು ನನಗೆ ಗೊತ್ತು. ಮೇಲಿನವರು ರಾತ್ರಿ ಗೇಟ್ ಎತ್ತಿದರೆ ಕೆಳಗಿನವನ ಮೆಣಸಿನಗಿಡ ಬಾಡುತ್ತದೆ, ಹತ್ತಿ ಕಾಯಿ ಕಟ್ಟುವುದಿಲ್ಲ. ಸರದಿಯಂತೆ ನೀರು ಬಿಡುವ ವಾರಾಬಂದಿ ಲೆಕ್ಕ ಸರಿಯಾಗಿ ನಡೆದರೆ, ಹನಿ ಹನಿಗೂ ಲೆಕ್ಕ ಸಿಕ್ಕರೆ ಅವನೇ ಮೊದಲು ಬದುಕುತ್ತಾನೆ. ಯಂತ್ರಕ್ಕೆ ಜಾತಿ ಇಲ್ಲ, ನೆಂಟರಿಲ್ಲ. ಅದಕ್ಕೇ ಈ ಯಂತ್ರ ಕೆಡಬಾರದು ಎಂಬ ಕಾಳಜಿ ನನ್ನದು.

ಇಂಥ ಗೇಟುಗಳ ಮೇಲೆ ಕೈಯಿಟ್ಟವರು ಈಗಾಗಲೇ ಇದ್ದಾರೆ. 2013ರಲ್ಲಿ ನ್ಯೂಯಾರ್ಕ್ ರಾಜ್ಯದ ಬೌಮನ್ ಎಂಬ ಪುಟ್ಟ ಅಣೆಕಟ್ಟಿನ ನಿಯಂತ್ರಣ ವ್ಯವಸ್ಥೆಯೊಳಗೆ ಇರಾನಿನ ಒಬ್ಬ ಹ್ಯಾಕರ್ ಹೊಕ್ಕಿದ್ದ. 2016ರಲ್ಲಿ ಅಮೆರಿಕ ಅವನ ಮೇಲೆ ಆರೋಪಪಟ್ಟಿ ಹಾಕಿತು. ನೀರಿನ ಮಟ್ಟ ಎಷ್ಟು, ಗೇಟ್ ಹೇಗಿದೆ ಎಲ್ಲ ಅವನಿಗೆ ಕಾಣುತ್ತಿತ್ತು. ದುರಸ್ತಿಗೆಂದು ಗೇಟಿನ ಸಂಪರ್ಕವನ್ನು ಕಳಚಿಟ್ಟಿದ್ದರು, ಅದಕ್ಕೆ ತೆರೆಯಲಾಗಲಿಲ್ಲ. 2025ರ ಏಪ್ರಿಲ್‌ನಲ್ಲಿ ನಾರ್ವೆಯ ಬ್ರೆಮಂಗರ್‌ನಲ್ಲಿ ಆ ಅದೃಷ್ಟವೂ ಇರಲಿಲ್ಲ. ದೂರದಿಂದ ಯಾರೋ ಅಣೆಕಟ್ಟಿನ ತೂಬು ತೆರೆದರು. ಸೆಕೆಂಡಿಗೆ 500 ಲೀಟರಿನಂತೆ ನಾಲ್ಕು ಗಂಟೆ ನೀರು ಹರಿದ ಮೇಲೆ ಗೊತ್ತಾಯಿತು. ನಮ್ಮ ಲೆಕ್ಕದಲ್ಲಿ ಅದು ಸುಮಾರು 17.7 ಕ್ಯುಸೆಕ್, ಯಾರಿಗೂ ತೊಂದರೆಯಾಗಲಿಲ್ಲ. ಆಗಸ್ಟ್‌ನಲ್ಲಿ ನಾರ್ವೆಯ ಭದ್ರತಾ ಇಲಾಖೆ ಇದು ರಷ್ಯಾ ಪರ ಗುಂಪಿನ ಕೆಲಸ ಎಂದಿತು. ಜನರನ್ನು ಹೆದರಿಸುವುದೇ ಅದರ ಉದ್ದೇಶ ಎಂದೂ ಹೇಳಿತು. ಆ ಅಣೆಕಟ್ಟಿನ ಜಾಗದಲ್ಲಿ 10,000 ಕ್ಯುಸೆಕ್ ಹೊರುವ ಕಾಲುವೆಯನ್ನು ಇಟ್ಟು ನೋಡಿ. ಬಿತ್ತನೆಯ ಹೊತ್ತಿಗೆ ಗೇಟುಗಳೆಲ್ಲ ಮುಚ್ಚಿಕೊಂಡು, ಕಂಟ್ರೋಲ್ ರೂಮಿನ ಪರದೆ ಮಾತ್ರ ನೀರು ಹರಿಯುತ್ತಿದೆ ಎಂದು ತೋರಿಸಿದರೆ ಏನಾದೀತು? ಬಾಂಬ್ ಬೀಳದೆಯೇ ಒಂದು ಬೆಳೆ ಹೋಗುತ್ತದೆ.

ಇಂಥದ್ದು ಆಗದಂತೆ ಕಾಯಬೇಕಾದವರು ಯಾರು? ಡಿಫೆನ್ಸ್ ಸೈಬರ್ ಏಜೆನ್ಸಿ ಎಂದು ಹುಡುಗರು ತಟ್ಟನೆ ಉತ್ತರ ಕೊಡುತ್ತಾರೆ. ಆದರೆ ಏಜೆನ್ಸಿಯ ಮೊದಲ ಹೊಣೆ ಸೇನೆಯ ಜಾಲಗಳು. ನಾಗರಿಕ ವ್ಯವಸ್ಥೆಗಳಿಗೆ 2004ರಿಂದ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸೈಬರ್ ತುರ್ತು ತಂಡ ಇದೆ. ವಿದ್ಯುತ್, ಬ್ಯಾಂಕು, ದೂರಸಂಪರ್ಕದಂಥ ದೇಶದ ಜೀವನಾಡಿಗಳಿಗೆ 2014ರಲ್ಲಿ ಬೇರೊಂದು ರಾಷ್ಟ್ರೀಯ ಕೇಂದ್ರ ಹುಟ್ಟಿದೆ. ಸೈಬರ್ ವಂಚನೆಯಲ್ಲಿ ಹಣ ಕಳಕೊಂಡ ಜನರಿಗೆ ಜಿಲ್ಲೆಯ ಸಿಇಎನ್ ಠಾಣೆ ಇದೆ, 1930 ಸಹಾಯವಾಣಿ ಇದೆ. ಇವರೆಲ್ಲರೂ ಒಟ್ಟಿಗೆ ಕೂತು ಅಭ್ಯಾಸ ಮಾಡಿದಾಗಲೇ ಕಾವಲಿಗೆ ಅರ್ಥ ಬರುವುದು. 2024ರ ಮೇ ತಿಂಗಳಲ್ಲಿ ಡಿಫೆನ್ಸ್ ಸೈಬರ್ ಏಜೆನ್ಸಿ ನಡೆಸಿದ 'ಸೈಬರ್ ಸುರಕ್ಷಾ' ಅಭ್ಯಾಸ ಆ ದಾರಿಯ ಒಂದು ಹೆಜ್ಜೆ. ಅಂಥ ಅಭ್ಯಾಸ ಭೀಮರಾಯನಗುಡಿಯ ನೀರಾವರಿ ಕಚೇರಿಗಳವರೆಗೂ ಇಳಿದು ಬರಬೇಕು ಎಂದು ನಾನು ಕೇಳುತ್ತಿದ್ದೇನೆ.

ಮೊಬೈಲಿನ ಮಾತು ಬಿಟ್ಟರೆ ಈ ಲೇಖನ ಪೂರ್ತಿಯಾಗುವುದಿಲ್ಲ. ಸಿಂಧೂರದ ಸಮಯದಲ್ಲಿ ಸೇನೆಯ ಶೇ 15ರಷ್ಟು ಸಮಯ ಸುಳ್ಳು ಸುದ್ದಿಗಳನ್ನು ಎದುರಿಸುವುದರಲ್ಲಿ ಹೋಯಿತು ಎಂದು ಜನರಲ್ ಚೌಹಾಣ್ ಹೇಳಿದ್ದಾರೆ. ಯುದ್ಧದ ಹೊತ್ತಿನಲ್ಲಿ ಆ ಸಮಯ ಎಷ್ಟು ಬೆಲೆಯುಳ್ಳದ್ದು ಎಂದು ಸೇನೆಯಲ್ಲಿದ್ದವನಿಗೆ ಗೊತ್ತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ವಿಡಿಯೊವನ್ನು ನಿಜವೇ ಎಂದು ನೋಡದೆ ಮುಂದಕ್ಕೆ ಕಳಿಸಿದವರೆಲ್ಲ ಆ ಸಮಯವನ್ನು ಕಿತ್ತುಕೊಂಡವರೇ. 2020ರ ಜುಲೈಯಲ್ಲಿ ಸೇನೆ ತನ್ನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆ್ಯಪ್‌ಗಳನ್ನು ತೆಗೆದುಹಾಕಿ ಎಂದಿತು. ಆದರೆ ಸೈನಿಕನ ಮನೆಯವರಿಗೆ ಆ ಆದೇಶ ಇಲ್ಲ. ಗಡಿಯಲ್ಲಿರುವ ಮಗನ ಫೋಟೊವನ್ನು ಪಲ್ಟನ್ನಿನ ಹೆಸರು, ಊರು ಸಮೇತ ಹೆಮ್ಮೆಯಿಂದ ಹಾಕುವ ತಾಯಿ-ತಂದೆ ನಮ್ಮಲ್ಲಿ ಎಷ್ಟೋ ಜನ. ಆ ಹೆಮ್ಮೆ ನನಗೆ ಅರ್ಥವಾಗುತ್ತದೆ. ಫೋಟೊ ಹಾಕಬೇಡಿ ಎಂದು ನಾನು ಅವರ ಮನೆಗೇ ಹೋಗಿ ಹೇಳಿ ಬರುತ್ತೇನೆ.

ಕಾಲುವೆಯ ಬಗ್ಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಮೋಟಾರು ಬಂದ ಮೇಲೂ ಪ್ರತಿ ಗೇಟಿಗೆ ಕೈಯಿಂದ ತಿರುಗಿಸುವ ಏರ್ಪಾಟು ಇರಲಿ, ಅದು ತುಕ್ಕು ಹಿಡಿಯದಿರಲಿ, ಅದನ್ನು ತಿರುಗಿಸಲು ಬಲ್ಲ ಆಳು ಸಂಬಳದ ಪಟ್ಟಿಯಲ್ಲಿ ಉಳಿಯಲಿ. ಬೌಮನ್ ಅಣೆಕಟ್ಟು ಉಳಿದದ್ದು ಕಳಚಿಟ್ಟ ಸಂಪರ್ಕದಿಂದ. ಕಂಟ್ರೋಲ್ ರೂಮಿನ ಕಂಪ್ಯೂಟರಿಗೆ ಹೊರಗಿನ ಪೆನ್ ಡ್ರೈವ್ ಬೀಳದಿರಲಿ, ಗುತ್ತಿಗೆಯವರು ಕೆಲಸ ಮುಗಿಸಿ ಹೋದ ದಿನವೇ ಅವರ ಪಾಸ್‌ವರ್ಡ್ ರದ್ದಾಗಲಿ. ಸೆನ್ಸರ್ ಹೇಳಿದ ಅಂಕಿಯನ್ನು ಕಾಲುವೆ ದಂಡೆಯ ಅಳತೆಪಟ್ಟಿಯ ಜತೆ ಒಬ್ಬ ಮನುಷ್ಯ ಆಗಾಗ ತಾಳೆ ನೋಡಲಿ. ಸ್ಕಾಡಾದಂಥ ವ್ಯವಸ್ಥೆಯ ಮೇಲೆ ದಾಳಿಯಾದರೆ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ಆದೇಶ ಹೇಳುತ್ತದೆ. ಆ ಆದೇಶದ ಕನ್ನಡ ಪ್ರತಿಯನ್ನು, ಕರೆ ಮಾಡಬೇಕಾದ ಸಂಖ್ಯೆಯ ಸಮೇತ, ಪ್ರತಿ ಸೆಕ್ಷನ್ ಕಚೇರಿಯ ಗೋಡೆಗೆ ಈ ಮುಂಗಾರಿನ ನೀರು ಬಿಡುವುದರೊಳಗೆ ಹಚ್ಚಬೇಕು.