ಐ.ಎನ್.ಎಸ್. ದೀಪಕ್ (ತೈಲಪೂರಕ ನೌಕೆ)

ಐ.ಎನ್.ಎಸ್. ದೀಪಕ್ ಭಾರತೀಯ ನೌಕಾಪಡೆಯ ತೈಲಪೂರಕ ನೌಕೆ. ಚಲಿಸುತ್ತಿರುವ ಯುದ್ಧನೌಕೆಗಳಿಗೆ ನಡುಗಡಲಿನಲ್ಲಿಯೇ ಇಂಧನ, ಸಿಹಿನೀರು, ಆಹಾರ ಮತ್ತು ಮದ್ದುಗುಂಡುಗಳನ್ನು ಒದಗಿಸುವುದು ಇದರ ಕಾರ್ಯ. ಇಟಲಿಯ ಫಿನ್‌ಕಾಂತಿಯೇರಿ ಸಂಸ್ಥೆಯು ನಿರ್ಮಿಸಿದ ಈ ನೌಕೆ 2011ರ ಜನವರಿ 21ರಂದು ಮುಂಬಯಿಯಲ್ಲಿ ಸೇವೆಗೆ ಸೇರಿತು. ಇದರ ಸೋದರ ನೌಕೆ ಐ.ಎನ್.ಎಸ್. ಶಕ್ತಿ ಅದೇ ವರ್ಷದ ಅಕ್ಟೋಬರ್ 1ರಂದು ವಿಶಾಖಪಟ್ಟಣದಲ್ಲಿ ಸೇರ್ಪಡೆಯಾಯಿತು.

ಕಾರವಾರದ ನಂಟು

ಅಣುಶಕ್ತಿಯಿಂದ ಓಡದ ಯಾವ ಯುದ್ಧನೌಕೆಯೇ ಆಗಲಿ, ತೈಲ ಮುಗಿಯುವ ಮುನ್ನ ಬಂದರಿಗೆ ಮರಳಲೇಬೇಕು. ಮರಳಿದಷ್ಟು ದಿನ ಅದರ ಕಾವಲು ಕಡಲಿನಲ್ಲಿ ಇರುವುದಿಲ್ಲ. ಕಾರವಾರದ ಐ.ಎನ್.ಎಸ್. ಕದಂಬ ನೆಲೆಯನ್ನು ತವರಾಗಿ ಹೊಂದಿರುವ ವಿಮಾನವಾಹಕ ನೌಕೆ ವಿಕ್ರಮಾದಿತ್ಯಕ್ಕೂ ಈ ಮಾತು ಅನ್ವಯಿಸುತ್ತದೆ. ರಷ್ಯಾದ ಸೆವೆರೊದ್ವಿನ್‌ಸ್ಕ್‌ನಲ್ಲಿ 2013ರ ನವೆಂಬರ್‌ನಲ್ಲಿ ಸೇವೆಗೆ ಸೇರಿ, 2014ರ ಜನವರಿಯಲ್ಲಿ ಅದು ಕಾರವಾರವನ್ನು ತಲುಪಿತು. ಆ ದೀರ್ಘಯಾನದಲ್ಲಿ ಬೆಂಗಾವಲಿಗಿದ್ದ ನೌಕೆಗಳಲ್ಲಿ ದೀಪಕ್ ಕೂಡ ಒಂದು.

ವಿನ್ಯಾಸ

ನೌಕೆಯ ಉದ್ದ 175 ಮೀಟರ್, ಅಗಲ 25 ಮೀಟರ್. ಪೂರ್ಣ ಭಾರದಲ್ಲಿ ಅದು ಸುಮಾರು 27,500 ಟನ್ ತೂಗುತ್ತದೆ. ವೇಗ 20 ನಾಟ್. ಸುಮಾರು 17,900 ಟನ್ ಸರಕನ್ನು ಹೊರಬಲ್ಲದು; ಅದರಲ್ಲಿ ಬಹುಪಾಲು ದ್ರವವೇ.

ಇಷ್ಟೊಂದು ದ್ರವವನ್ನು ಹೊತ್ತು ಸಾಗುವುದೇ ವಿನ್ಯಾಸಕಾರರ ಮೊದಲ ಸಮಸ್ಯೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಅರೆತುಂಬಿದ ತೊಟ್ಟಿಯಲ್ಲಿ ತೈಲವು ಒಂದು ಬದಿಗೆ ಹರಿದಾಗ ಭಾರವೂ ಆ ಬದಿಗೇ ಸರಿದು, ನೌಕೆಯ ಓಲಾಟ ಹೆಚ್ಚುತ್ತದೆ. ತೈಲ ಹಂಚುವುದೇ ಕೆಲಸವಾಗಿರುವ ನೌಕೆಯ ತೊಟ್ಟಿಗಳೋ ಸದಾ ಬರಿದಾಗುತ್ತಲೇ ಇರುತ್ತವೆ. ಆದುದರಿಂದ ಇಂತಹ ನೌಕೆಗಳ ಒಡಲನ್ನು ಉಕ್ಕಿನ ಗೋಡೆಗಳಿಂದ ಹಲವು ತೊಟ್ಟಿಗಳಾಗಿ ವಿಭಜಿಸಿರುತ್ತಾರೆ. ತೈಲ ಖಾಲಿಯಾದಂತೆ ಪ್ರತ್ಯೇಕ ತೊಟ್ಟಿಗಳಿಗೆ ಕಡಲನೀರನ್ನು ತುಂಬಿ ಸಮತೋಲ ಕಾಯುತ್ತಾರೆ. ದೀಪಕ್‌ಗೆ ಒಂದರೊಳಗೊಂದು ಎಂಬಂತೆ ಎರಡು ಹೊರಕವಚಗಳಿವೆ. ಹೊರಗಿನದು ಬಿರಿದರೂ ಒಳಗಿನದು ಉಳಿದರೆ ತೈಲ ಸಮುದ್ರದ ಪಾಲಾಗುವುದಿಲ್ಲ.

ಎರಡನೆಯ ಸಮಸ್ಯೆ ಹಂಚಿಕೆಯದು. ಕೊಡುವ ಮತ್ತು ಪಡೆಯುವ ನೌಕೆಗಳೆರಡೂ ಕೆಲವೇ ಹತ್ತು ಮೀಟರುಗಳ ಅಂತರದಲ್ಲಿ ಒಂದೇ ವೇಗದಿಂದ ಸಮಾನಾಂತರವಾಗಿ ಸಾಗಬೇಕು. ಮೊದಲು ತೆಳುವಾದ ದಾರವೊಂದನ್ನು ಆಚೆಗೆ ಹಾರಿಸುತ್ತಾರೆ. ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ಉಕ್ಕಿನ ಮಿಣಿ, ಮಿಣಿಯಿಂದ ತೂಗುಬಿದ್ದ ತೈಲದ ಕೊಳವೆ. ಅಲೆಗಳಿಂದ ಅಂತರ ಹಿಗ್ಗಿ ಕುಗ್ಗಿದಾಗ ಮಿಣಿ ಹರಿಯದಂತೆ, ಜೋತುಬೀಳದಂತೆ ಬಿಗಿತವನ್ನು ಕಾಯುವ ಯಂತ್ರವಿರುತ್ತದೆ. ಎರಡು ಒಡಲುಗಳ ನಡುವೆ ನೀರು ವೇಗವಾಗಿ ಹರಿದು ಒತ್ತಡ ತಗ್ಗುವುದರಿಂದ ನೌಕೆಗಳು ಪರಸ್ಪರ ಸೆಳೆಯಲ್ಪಡುತ್ತವೆ. ಚುಕ್ಕಾಣಿ ಹಿಡಿದವನ ಕ್ಷಣದ ಮೈಮರೆವೂ ಇಲ್ಲಿ ಅಪಾಯಕಾರಿ. ದೀಪಕ್‌ನ ಚಾಲಕಚಕ್ರದ ಅಲಗುಗಳ ಓರೆಯನ್ನು ಬದಲಿಸಬಹುದಾದ್ದರಿಂದ ವೇಗವನ್ನು ನವಿರಾಗಿ ಹೊಂದಿಸಲು ಸಾಧ್ಯ. ಅದು ಗಂಟೆಗೆ 1,500 ಟನ್‌ನಷ್ಟು ತೈಲವನ್ನು ಸಾಗಿಸಬಲ್ಲದು; ಏಕಕಾಲಕ್ಕೆ ನಾಲ್ಕು ನೌಕೆಗಳಿಗೆ ಉಣಿಸಬಲ್ಲದು.

ನಿರ್ಮಾಣ

2008ರ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು. 2010ರ ಫೆಬ್ರವರಿಯಲ್ಲಿ ನೌಕೆ ನೀರಿಗಿಳಿಯಿತು. ಒಪ್ಪಂದದಿಂದ ಸೇವೆಯವರೆಗೆ ಮೂರು ವರ್ಷವೂ ಹಿಡಿಯಲಿಲ್ಲ. ಕೋಲ್ಕತ್ತದ ಗಾರ್ಡನ್ ರೀಚ್ ಕಟ್ಟೆಯಲ್ಲಿ 1993ರಲ್ಲಿ ನೀರಿಗಿಳಿದ ಸ್ವದೇಶಿ ತೈಲಪೂರಕ ನೌಕೆ ಆದಿತ್ಯವಾದರೋ ಸೇವೆಗೆ ಬಂದದ್ದು 2000ದ ಏಪ್ರಿಲ್‌ನಲ್ಲಿ. ಆಮದಿನ ಆಕರ್ಷಣೆ ಇದರಿಂದ ಅರ್ಥವಾಗುತ್ತದೆ. ಆದರೆ ಆಮದು ವಿವಾದಮುಕ್ತವಾಗಿರಲಿಲ್ಲ. ಯುದ್ಧನೌಕೆಗೆ ಮೊದಲು ಗೊತ್ತುಪಡಿಸಿದ್ದ ದರ್ಜೆಯ ಉಕ್ಕನ್ನು ಬಿಟ್ಟು ಬೇರೆ ದರ್ಜೆಯದನ್ನು ಒಪ್ಪಿಕೊಂಡದ್ದನ್ನು ಸಿಎಜಿ ವರದಿ ಆಕ್ಷೇಪಿಸಿತು.

ಮುಂದಿನ ಪೀಳಿಗೆಯ ಐದು ಪೂರಕ ನೌಕೆಗಳು ದೇಶದಲ್ಲಿಯೇ ಸಿದ್ಧವಾಗಲಿವೆ. ತಲಾ 44,000 ಟನ್ ತೂಗುವ ಇವುಗಳಿಗಾಗಿ 2023ರ ಆಗಸ್ಟ್ 25ರಂದು ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡ್‌ನೊಂದಿಗೆ ಸುಮಾರು 19,000 ಕೋಟಿ ರೂಪಾಯಿಗಳ ಒಪ್ಪಂದವಾಯಿತು. ಮೊದಲ ನೌಕೆಯ ಉಕ್ಕನ್ನು ಕತ್ತರಿಸುವ ಕಾರ್ಯ 2024ರ ಏಪ್ರಿಲ್ 10ರಂದು ಆರಂಭವಾಯಿತು.